ಬಾಡಿಗೆ ಮನೆಯ ಶನಿವಾರಗಳು: ಪಿಟ್ಸ್‌ಬರ್ಗ್‌ನಲ್ಲಿ ಕಾಲೇಜು ಫುಟ್‌ಬಾಲ್‌ಗೆ ಜನ ಸೇರಿಸುವ ಪಾಡು

ಪಿಟ್ಸ್‌ಬರ್ಗ್‌ನ ಅಕ್ರಿಶರ್ ಸ್ಟೇಡಿಯಂನ ಕುರ್ಚಿಗಳು ಹಳದಿ. ಗಾಢ ಹಳದಿ. ಊರಿನ ವೃತ್ತಿಪರ ಫುಟ್‌ಬಾಲ್ ತಂಡವಾದ ಸ್ಟೀಲರ್ಸ್ ಆಡುವ ಭಾನುವಾರ ಆ ಬಣ್ಣ ಯಾರ ಕಣ್ಣಿಗೂ ಬೀಳುವುದಿಲ್ಲ, ಯಾಕೆಂದರೆ ಪ್ರತಿ ಕುರ್ಚಿಯ ಮೇಲೂ ಒಬ್ಬರು ಕೂತಿರುತ್ತಾರೆ ಅಥವಾ ಎದ್ದು ನಿಂತು ಕೂಗುತ್ತಿರುತ್ತಾರೆ. ಅದರ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಅದೇ ಹುಲ್ಲಿನ ಮೇಲೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡ ಇಳಿದಾಗ ಮೇಲಿನ ಅಂತಸ್ತಿನ ಹಳದಿ ಸಾಲುಗಳು ಟಿವಿ ಪರದೆಯನ್ನೇ ತುಂಬಿಕೊಳ್ಳುತ್ತವೆ. 68,400 ಜನ ಕೂರುವ ಜಾಗ ಅದು. ನಲವತ್ತು ಸಾವಿರ ಜನ ದುಡ್ಡು ಕೊಟ್ಟು ಬಂದರೂ ಇಪ್ಪತ್ತೆಂಟು ಸಾವಿರ ಹಳದಿ ಕುರ್ಚಿಗಳು ಬರಿದಾಗಿಯೇ ಇರುತ್ತವೆ. ಮನೆಯಲ್ಲಿ ಕೂತು ನೋಡುವವರಿಗೆ ಕಾಣುವುದು ಬಂದ ನಲವತ್ತು ಸಾವಿರವಲ್ಲ, ಬಾರದ ಇಪ್ಪತ್ತೆಂಟು ಸಾವಿರ.

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಲ್ಲಿ ಆಡುವ ಆಟವಲ್ಲ. ಹೆಲ್ಮೆಟ್ ಹಾಕಿ, ಮೊಟ್ಟೆಯಾಕಾರದ ಚೆಂಡು ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್. ಅಲ್ಲಿ ಕಾಲೇಜು ತಂಡಗಳಿಗೂ ಲಕ್ಷಗಟ್ಟಲೆ ಅಭಿಮಾನಿಗಳಿದ್ದಾರೆ. ಸಣ್ಣ ಊರಿನ ವಿಶ್ವವಿದ್ಯಾಲಯಗಳಲ್ಲಿ ಶನಿವಾರ ಬಂತೆಂದರೆ ಜಾತ್ರೆ. ವೃತ್ತಿಪರ ತಂಡಗಳಿರುವ ದೊಡ್ಡ ನಗರದಲ್ಲಿ ಮಾತ್ರ ಲೆಕ್ಕ ಬೇರೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಪಂದ್ಯಕ್ಕೆ ಟಿಕೆಟ್ ಸಿಗದೆ ಒದ್ದಾಡಿದವರು ಅದೇ ಅಂಗಳದಲ್ಲಿ ಕರ್ನಾಟಕದ ರಣಜಿ ಪಂದ್ಯ ನಡೆಯುವಾಗಿನ ಮೌನವನ್ನೂ ನೋಡಿದ್ದರೆ ಈ ಕಥೆಯ ಅರ್ಧ ಅವರಿಗೆ ಆಗಲೇ ಗೊತ್ತು.

ಉಳಿದರ್ಧ ಮನೆ ಯಾರದು, ಬಾಡಿಗೆಗೆ ಇರುವವರು ಯಾರು ಎಂಬುದರಲ್ಲಿದೆ. ಪಿಟ್ಸ್‌ಬರ್ಗ್‌ನಲ್ಲಿ ಇದು ಒಂದು ಕಾಲಕ್ಕೆ ಪೂರ್ತಿ ತಿರುಗುಮುರುಗಾಗಿತ್ತು.

ಪಿಟ್ ಎಂದೇ ಊರವರು ಕರೆಯುವ ಈ ವಿಶ್ವವಿದ್ಯಾಲಯ 1925ರಲ್ಲಿ ಓಕ್‌ಲ್ಯಾಂಡ್ ಬಡಾವಣೆಯ ಗುಡ್ಡದ ಮೇಲೆ, ತನ್ನದೇ ಆವರಣದಲ್ಲಿ, ಪಿಟ್ ಸ್ಟೇಡಿಯಂ ಕಟ್ಟಿತು. ಆಗ ಸ್ಟೀಲರ್ಸ್ ಹುಟ್ಟಿರಲೇ ಇಲ್ಲ. ಆರ್ಟ್ ರೂನಿ ಆ ತಂಡ ಕಟ್ಟಿದ್ದು 1933ರಲ್ಲಿ, ಹೆಸರೂ ಬೇರೆ ಇತ್ತು, ಎಷ್ಟೋ ವರ್ಷ ಅದನ್ನು ಕೇಳುವವರೇ ಇರಲಿಲ್ಲ. ಜಾಕ್ ಸದರ್ಲ್ಯಾಂಡ್ ಕೋಚ್ ಆಗಿದ್ದ ದಿನಗಳಲ್ಲಿ ಪಿಟ್ ದೇಶದ ಅಗ್ರ ತಂಡಗಳಲ್ಲಿ ಒಂದು. 1938ರ ಅಕ್ಟೋಬರ್‌ನಲ್ಲಿ ಫೋರ್ಡಮ್ ವಿರುದ್ಧದ ಪಂದ್ಯಕ್ಕೆ 68,918 ಜನ ಆ ಗುಡ್ಡ ಹತ್ತಿದ್ದರು. ಮುಂದೆ 1958ರಿಂದ ಸ್ಟೀಲರ್ಸ್ ತಮ್ಮ ಕೆಲವು ಪಂದ್ಯಗಳನ್ನು ಪಿಟ್ ಸ್ಟೇಡಿಯಂನಲ್ಲಿ ಆಡತೊಡಗಿದರು. 1964ರಿಂದ 1969ರವರೆಗೆ ಎಲ್ಲ ತವರು ಪಂದ್ಯಗಳೂ ಅಲ್ಲೇ. ಅಂದರೆ ವೃತ್ತಿಪರ ತಂಡವೇ ಕಾಲೇಜಿನ ಮನೆಯಲ್ಲಿ ಬಾಡಿಗೆಗೆ ಇತ್ತು. ಇಂದು ಈ ವಿಷಯ ಚರ್ಚಿಸುವವರಲ್ಲಿ ಬಹಳ ಮಂದಿ ಇದನ್ನು ಮರೆತಿದ್ದಾರೆ. ಪಿಟ್ಸ್‌ಬರ್ಗ್ ಹುಟ್ಟಿದಾಗಿನಿಂದಲೂ ಸ್ಟೀಲರ್ಸ್ ಊರು ಎಂಬಂತೆ ಮಾತಾಡುತ್ತಾರೆ. ಹಾಗಿರಲಿಲ್ಲ.

ತಿರುವು ಬಂದದ್ದು ಎಪ್ಪತ್ತರ ದಶಕದಲ್ಲಿ. 1970ರಲ್ಲಿ ನದಿಯಾಚೆ ತ್ರೀ ರಿವರ್ಸ್ ಸ್ಟೇಡಿಯಂ ತೆರೆಯಿತು, ಸ್ಟೀಲರ್ಸ್ ಅಲ್ಲಿಗೆ ಹೋದರು. ಆರು ಸೀಸನ್‌ಗಳಲ್ಲಿ ನಾಲ್ಕು ಸೂಪರ್ ಬೌಲ್, ಅಂದರೆ ವೃತ್ತಿಪರ ಲೀಗ್‌ನ ಫೈನಲ್, ಗೆದ್ದರು. ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚತೊಡಗಿದ್ದ ಊರಿಗೆ ಆ ಗೆಲುವುಗಳು ಎಷ್ಟು ದೊಡ್ಡವಾಗಿದ್ದವೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಕೆಲಸ ಹುಡುಕಿಕೊಂಡು ಊರು ಬಿಟ್ಟವರು ಸ್ಟೀಲರ್ಸ್ ಅಭಿಮಾನವನ್ನು ಮಾತ್ರ ಗಂಟು ಕಟ್ಟಿಕೊಂಡು ಹೋದರು. 1972ರಿಂದ ಇಲ್ಲಿಯವರೆಗೆ ಆ ತಂಡದ ತವರು ಪಂದ್ಯಗಳ ಟಿಕೆಟ್ ಮಿಕ್ಕಿಲ್ಲ. ಸೀಸನ್ ಟಿಕೆಟ್‌ಗೆ ಹೆಸರು ಬರೆಸಿ ವರ್ಷಾನುಗಟ್ಟಲೆ ಕಾಯುತ್ತಾರೆ.

ಅದೇ ದಶಕದಲ್ಲಿ ಪಿಟ್ ಕೂಡ ಗೆದ್ದಿತು ಎಂಬುದು ಇಲ್ಲಿ ಮುಖ್ಯ. 1976ರಲ್ಲಿ ಪಿಟ್‌ನ ಟೋನಿ ಡಾರ್ಸೆಟ್ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಪಡೆದ, ತಂಡ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಆದರೆ ಆ ವರ್ಷ ಅದೇ ರಾಜ್ಯದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ವಿರುದ್ಧದ ಮಹತ್ವದ ಪಂದ್ಯವನ್ನು ಪಿಟ್ ಆಡಿದ್ದು ತನ್ನ ಗುಡ್ಡದ ಮೇಲಲ್ಲ, ತ್ರೀ ರಿವರ್ಸ್‌ನಲ್ಲಿ. ದೊಡ್ಡ ಪಂದ್ಯವೆಂದರೆ ದೊಡ್ಡವರ ಮನೆಯಲ್ಲೇ ಆಡಬೇಕು ಎಂಬ ಅಭ್ಯಾಸ ಆಗಲೇ ಶುರುವಾಗಿತ್ತು. ಅದರ ಬೆನ್ನಿಗೇ ಓಕ್‌ಲ್ಯಾಂಡಿನಲ್ಲೇ ಬೆಳೆದ ಹುಡುಗ ಡ್ಯಾನ್ ಮರೀನೋ ಬಂದ. 1979ರಿಂದ ಸತತ ಮೂರು ವರ್ಷ, ಪ್ರತಿ ಸಲವೂ, ತಂಡ ಹನ್ನೊಂದು ಗೆದ್ದು ಒಂದು ಸೋತಿತು. ಆಮೇಲೆ ಇಳಿಗಾಲ.

ಟಿವಿಯ ಮಾತನ್ನೂ ಹೇಳಬೇಕು. ಆಟ ಮನೆಯಲ್ಲೇ ಸಿಕ್ಕರೆ ಮೈದಾನಕ್ಕೆ ಯಾರು ಬರುತ್ತಾರೆ ಎಂಬ ಭಯ ನಿನ್ನೆ ಮೊನ್ನೆಯದಲ್ಲ. ಇದೇ ಕಾರಣಕ್ಕೆ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಐವತ್ತರ ದಶಕದ ಆರಂಭದಿಂದಲೂ ಎಷ್ಟು ಕಾಲೇಜು ಪಂದ್ಯ ಟಿವಿಯಲ್ಲಿ ಬರಬೇಕೆಂದು ಕಟ್ಟುನಿಟ್ಟಾಗಿ ಮಿತಿ ಹಾಕಿತ್ತು. 1961ರ ಕ್ರೀಡಾ ಪ್ರಸಾರ ಕಾನೂನು ವೃತ್ತಿಪರ ಲೀಗ್‌ಗೆ ಪ್ರಸಾರದ ಹಕ್ಕನ್ನು ಒಟ್ಟಾಗಿ ಮಾರುವ ಅನುಕೂಲ ಕೊಟ್ಟಿತು. ಜೊತೆಗೆ ಸೆಪ್ಟೆಂಬರ್‌ನಿಂದ ಡಿಸೆಂಬರ್ ಮಧ್ಯದವರೆಗಿನ ಶನಿವಾರಗಳಿಗೆ ಆ ಅನುಕೂಲ ಇಲ್ಲವೆಂದಿತು. ವೃತ್ತಿಪರರು ಭಾನುವಾರ, ಕಾಲೇಜಿನವರು ಶನಿವಾರ ಎಂಬ ಪಾಲು ಹಾಗೆ ಗಟ್ಟಿಯಾಯಿತು. 1984ರಲ್ಲಿ ಸುಪ್ರೀಂ ಕೋರ್ಟ್ ಎನ್‌ಸಿಎಎ ಹಿಡಿತವನ್ನು ಮುರಿದ ಮೇಲೆ ಕಾಲೇಜು ಪಂದ್ಯಗಳು ಟಿವಿಗೆ ಪ್ರವಾಹದಂತೆ ಬಂದವು. ಈಗ ಪಂದ್ಯ ಎಷ್ಟು ಗಂಟೆಗೆ ಎಂದು ನಿರ್ಧರಿಸುವುದೂ ಚಾನೆಲ್‌ನವರೇ, ಅದೂ ಎಷ್ಟೋ ಸಲ ಹನ್ನೆರಡು ದಿನ ಮುಂಚೆ, ಕೆಲವೊಮ್ಮೆ ಆರೇ ದಿನ ಮುಂಚೆ. ಮಕ್ಕಳನ್ನು ಕರೆದುಕೊಂಡು ದೂರದಿಂದ ಹೊರಡಬೇಕಾದ ಕುಟುಂಬ ಹಾಗೆ ಯೋಜನೆ ಹಾಕಲಾರದು. ಒಂದೇ ಜೇಬಿನಿಂದ ಶನಿವಾರಕ್ಕೂ ಭಾನುವಾರಕ್ಕೂ ದುಡ್ಡು ತೆಗೆಯಬೇಕಾದ ಊರಿನಲ್ಲಂತೂ ಯಾವುದನ್ನು ಟಿವಿಗೆ ಬಿಡುತ್ತಾರೆ ಎಂಬುದು ಗೊತ್ತಿದ್ದದ್ದೇ.

1999ಕ್ಕೆ ಬರೋಣ. ಪಿಟ್ ಸ್ಟೇಡಿಯಂಗೆ ಮುಪ್ಪು ಬಂದಿತ್ತು. ಕಾರು ನಿಲ್ಲಿಸಲು ಜಾಗವಿಲ್ಲ, ದುರಸ್ತಿಗೆ ಭಾರೀ ಖರ್ಚು. ನದಿಯ ದಡದಲ್ಲಿ ಸ್ಟೀಲರ್ಸ್‌ಗಾಗಿ ಹೊಸ ಸ್ಟೇಡಿಯಂ ಏಳುತ್ತಿತ್ತು. ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕ ಸ್ಟೀವ್ ಪೀಡರ್ಸನ್ ಹಳೆಯದನ್ನು ಕೆಡವಿ ಅಲ್ಲಿಗೆ ಹೋಗೋಣ ಎಂದರು. ಆ ವಾದವನ್ನು ಸುಮ್ಮನೆ ತಳ್ಳಿಹಾಕುವುದು ಅನ್ಯಾಯ: ವೃತ್ತಿಪರರ ಮೈದಾನದಲ್ಲಿ ಆಡಬಹುದು ಎಂದರೆ ಪ್ರತಿಭಾವಂತ ಹುಡುಗರನ್ನು ಸೆಳೆಯುವುದು ಸುಲಭ, ಸೌತ್ ಸೈಡ್‌ನಲ್ಲಿ ಸ್ಟೀಲರ್ಸ್ ಪಕ್ಕದಲ್ಲೇ ಒಳ್ಳೆಯ ತರಬೇತಿ ಕೇಂದ್ರವೂ ಸಿಗುತ್ತಿತ್ತು. ಆ ವರ್ಷ ನವೆಂಬರ್ 13ರಂದು ಗುಡ್ಡದ ಮೇಲಿನ ಕೊನೆಯ ಪಂದ್ಯ. ಎದುರಾಳಿ ನೋಟ್ರ ಡೇಮ್. 60,190 ಜನ. ಪಿಟ್ 37-27ರಿಂದ ಗೆದ್ದಿತು, ವಿದ್ಯಾರ್ಥಿಗಳು ಮೈದಾನಕ್ಕೆ ನುಗ್ಗಿ ಗೋಲು ಕಂಬಗಳನ್ನು ಉರುಳಿಸಿದರು. ಬೆನ್ನಲ್ಲೇ ಯಂತ್ರಗಳು ಬಂದು ಉಳಿದದ್ದನ್ನೂ ಉರುಳಿಸಿದವು.

2000ದ ಸೀಸನ್ ತ್ರೀ ರಿವರ್ಸ್‌ನಲ್ಲಿ ಕಳೆಯಿತು. 2001ರಲ್ಲಿ ಹೈಂಜ್ ಫೀಲ್ಡ್ ತೆರೆಯಿತು. 2022ರಲ್ಲಿ ಹೆಸರು ಬದಲಾಗಿ ಅಕ್ರಿಶರ್ ಆದದ್ದು ಅದೇ. ಮೊದಮೊದಲು ಹುಮ್ಮಸ್ಸು ಇತ್ತು. 2003ರಲ್ಲಿ ಪಿಟ್‌ನ ಆಟಗಾರ ಲ್ಯಾರಿ ಫಿಟ್ಜ್‌ಜೆರಾಲ್ಡ್‌ನ ಕ್ಯಾಚ್‌ಗಳನ್ನು ನೋಡಲೆಂದೇ ಜನ ಬಂದರು. ಹೊಸತನ ಕಳೆದ ಮೇಲೆ ಉಳಿದದ್ದು ದೂರ.

ದೂರವೆಂದರೆ ಐದಾರು ಕಿಲೋಮೀಟರ್, ಅಷ್ಟೇ. ಆದರೆ ಹತ್ತೊಂಬತ್ತರ ವಯಸ್ಸಿನವರ ಶನಿವಾರದಲ್ಲಿ ಅದು ಬಲು ದೊಡ್ಡ ಅಂತರ. ಹಿಂದೆ ಹಾಸ್ಟೆಲಿನಿಂದ ಹೊರಬಿದ್ದು, ಕಾರ್ಡಿಯಾಕ್ ಹಿಲ್ ಎಂದು ಎಲ್ಲರೂ ಕರೆಯುವ ಎದೆ ಬಡಿದುಕೊಳ್ಳುವಷ್ಟು ಕಡಿದಾದ ಏರು ಹತ್ತಿದರೆ ಸ್ಟೇಡಿಯಂ. ಮೊದಲರ್ಧ ನೋಡಿ ರೂಮಿಗೆ ಹೋಗಿ ತಿಂದು ಮತ್ತೆ ಬರಬಹುದಿತ್ತು. ಈಗ ಬಸ್ಸಿಗೆ ಸಾಲು ನಿಲ್ಲಬೇಕು, ಡೌನ್‌ಟೌನ್ ದಾಟಬೇಕು, ನದಿ ದಾಟಬೇಕು. 2012ರಲ್ಲಿ ಲೈಟ್ ರೈಲು ನದಿಯ ಅಡಿಯಿಂದ ಸ್ಟೇಡಿಯಂ ಹತ್ತಿರದವರೆಗೆ ಬಂತು. ಓಕ್‌ಲ್ಯಾಂಡ್‌ಗೆ ಮಾತ್ರ ಆ ರೈಲು ಹೋಗುವುದೇ ಇಲ್ಲ. ತಂಡ ಮೂರನೇ ಕ್ವಾರ್ಟರ್‌ಗೇ ಸೋಲುವ ಹಾಗೆ ಕಂಡರೆ ವಿದ್ಯಾರ್ಥಿಗಳು ಬಸ್ಸಿನ ನೂಕುನುಗ್ಗಲು ತಪ್ಪಿಸಿಕೊಳ್ಳಲು ಮೊದಲೇ ಎದ್ದು ಹೋಗುತ್ತಾರೆ. ಅವರನ್ನು ದೂರುವುದು ನನ್ನಿಂದಾಗದು.

ಇದಕ್ಕೆ ಪುರಾವೆ ಬೇಕಿದ್ದರೆ ಆ ಗುಡ್ಡದ ಮೇಲೇ ಇದೆ. ಹಳೆಯ ಸ್ಟೇಡಿಯಂನ ಜಾಗದಲ್ಲಿ 2002ರಲ್ಲಿ ಪೀಟರ್ಸನ್ ಈವೆಂಟ್ಸ್ ಸೆಂಟರ್ ಎದ್ದಿತು, ಬ್ಯಾಸ್ಕೆಟ್‌ಬಾಲ್‌ಗಾಗಿ, 12,508 ಸೀಟು. ತಂಡ ಚೆನ್ನಾಗಿ ಆಡುತ್ತಿದ್ದ ವರ್ಷಗಳಲ್ಲಿ ಅಲ್ಲಿ ನಿಲ್ಲಲು ಜಾಗವಿರಲಿಲ್ಲ. ಓಕ್‌ಲ್ಯಾಂಡ್ ಜೂ ಎಂದು ಹೆಸರಿಟ್ಟುಕೊಂಡ ವಿದ್ಯಾರ್ಥಿ ಪಡೆಯ ಗದ್ದಲಕ್ಕೆ ಎದುರಾಳಿಗಳು ಹೆದರುತ್ತಿದ್ದರು. ಅದೇ ವಿದ್ಯಾರ್ಥಿಗಳು, ಅದೇ ಸ್ಟೀಲರ್ಸ್ ಊರು. ಬದಲಾದದ್ದು ನಡೆದು ಹೋಗುವ ದೂರ ಮತ್ತು ಮನೆಯ ಅಳತೆ.

ಬಾಡಿಗೆಯವರ ಪಾಡು ಏನೆಂದು 2007ರ ನವೆಂಬರ್‌ನ ಒಂದು ವಾರಾಂತ್ಯ ತೋರಿಸಿಕೊಟ್ಟಿತು. ಶುಕ್ರವಾರ ಆ ಮೈದಾನದಲ್ಲಿ ಪ್ರೌಢಶಾಲೆಗಳ ನಾಲ್ಕು ಫೈನಲ್. ಶನಿವಾರ ಪಿಟ್ ಪಂದ್ಯ. ಹರಿದುಹೋದ ಹುಲ್ಲಿನ ಮೇಲೆ ಹೊಸ ಹುಲ್ಲಿನ ಹೊದಿಕೆ ಹಾಸಿದರು. ಸೋಮವಾರ ರಾತ್ರಿ ಸ್ಟೀಲರ್ಸ್ ಮತ್ತು ಮಯಾಮಿ ಡಾಲ್ಫಿನ್ಸ್ ಇಳಿಯುವ ಹೊತ್ತಿಗೆ ಮಳೆ ಸುರಿದು ಎಲ್ಲ ಕೆಸರು. ಎತ್ತರಕ್ಕೆ ಒದ್ದ ಚೆಂಡೊಂದು ಮೂಗು ಕೆಳಗಾಗಿ ಬಂದು ನೆಲಕ್ಕೆ ಚುಚ್ಚಿಕೊಂಡು, ಪುಟಿಯದೆ, ಹಾಗೇ ನಿಂತುಬಿಟ್ಟಿತು. ಪಂದ್ಯ 3-0ಗೆ ಮುಗಿಯಿತು. ದೇಶವೇ ನೋಡಿದ ಆ ಕೆಸರಿನ ಲೆಕ್ಕದಲ್ಲಿ ಶಾಲೆಯ ಮಕ್ಕಳ ಹೆಸರೂ ಪಿಟ್ ಹೆಸರೂ ಸೇರಿತು.

ಹಾಗಾದರೆ ಈ ಮನೆ ತುಂಬಿದ್ದು ಯಾವಾಗ? ನೆರೆಹೊರೆಯವರು ಬಂದಾಗ. 2016ರ ಸೆಪ್ಟೆಂಬರ್ 10ರಂದು ಹದಿನಾರು ವರ್ಷಗಳ ಬಿಡುವಿನ ನಂತರ ಪೆನ್ ಸ್ಟೇಟ್ ಬಂತು: 69,983 ಜನ, ಆವರೆಗೆ ಈ ಊರಿನ ಯಾವ ಕ್ರೀಡಾ ಪಂದ್ಯಕ್ಕೂ ಅಷ್ಟು ಜನ ಸೇರಿರಲಿಲ್ಲ. ಪಿಟ್ 42-39ರಿಂದ ಗೆದ್ದಿತು. 1938ರ ಗುಡ್ಡದ ದಾಖಲೆ ಮುರಿಯಲು 78 ವರ್ಷ ಬೇಕಾಯಿತು. ಆಮೇಲೆ 2022ರ ಸೆಪ್ಟೆಂಬರ್ 1, ಗುರುವಾರ ರಾತ್ರಿ, ಮಾರ್ಗನ್‌ಟೌನ್ ಊರಿನ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ. 1895ರಿಂದ ನಡೆದುಬಂದ ಈ ಸೆಣಸಾಟಕ್ಕೆ ಬ್ಯಾಕ್‌ಯಾರ್ಡ್ ಬ್ರಾಲ್ ಎಂದು ಹೆಸರು, ನಮ್ಮ ಮಾತಿನಲ್ಲಿ ಹಿತ್ತಲ ಜಗಳ. ಎರಡು ಊರುಗಳ ನಡುವೆ ರಸ್ತೆಯಲ್ಲಿ ಸುಮಾರು 120 ಕಿಲೋಮೀಟರ್. ಟಿವಿ ಹಣ ಹುಡುಕಿಕೊಂಡು ಎರಡು ವಿಶ್ವವಿದ್ಯಾಲಯಗಳೂ ಬೇರೆ ಬೇರೆ ಕಾನ್ಫರೆನ್ಸ್ (ಕಾಲೇಜು ತಂಡಗಳ ಲೀಗ್) ಸೇರಿದ್ದರಿಂದ 2011ರ ನಂತರ ಪಂದ್ಯವೇ ನಿಂತುಹೋಗಿತ್ತು. ಮತ್ತೆ ಶುರುವಾದ ಆ ರಾತ್ರಿ 70,622 ಜನ. ಪಂದ್ಯ ಮುಗಿಯಲು ಸುಮಾರು ಮೂರು ನಿಮಿಷ ಇದ್ದಾಗ ಪಿಟ್‌ನ ಎಂ.ಜೆ. ಡೆವನ್‌ಷೈರ್ ಎದುರಾಳಿಯ ಪಾಸ್ ಕಸಿದು 56 ಗಜ ಓಡಿ ಪಂದ್ಯ ಗೆಲ್ಲಿಸಿದಾಗ ಒಂದೂ ಹಳದಿ ಕುರ್ಚಿ ಕಾಣುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ಪಿಟ್ ಪಾಲಿಗೆ ಮದ್ದಾದದ್ದು ಹಿತ್ತಲ ಗಿಡವೇ.

ಗೆಲುವೊಂದೇ ಸಾಕೆನ್ನುವವರು 2021ನ್ನು ನೋಡಬೇಕು. ಆ ವರ್ಷ ಕೆನಿ ಪಿಕೆಟ್ ನಾಯಕತ್ವದಲ್ಲಿ ಪಿಟ್ ತನ್ನ ಕಾನ್ಫರೆನ್ಸ್ ಆದ ಎಸಿಸಿಯ ಚಾಂಪಿಯನ್ ಆಯಿತು. ಮರುವರ್ಷ ಪಿಕೆಟ್‌ನನ್ನು ಆರಿಸಿಕೊಂಡದ್ದು ಸ್ಟೀಲರ್ಸ್, ಅಂದರೆ ಅದೇ ಕಟ್ಟಡ. ಶನಿವಾರ ನೋಡಬಹುದಾಗಿದ್ದ ಹುಡುಗನನ್ನೇ ನೋಡಲು ಊರು ಭಾನುವಾರಕ್ಕೆ ಹೆಚ್ಚಿನ ದುಡ್ಡು ತೆತ್ತಿತು. ಇನ್ನು ಪ್ರಕಟವಾಗುವ ಸಂಖ್ಯೆಗಳನ್ನೂ ಎಚ್ಚರದಿಂದ ಓದಬೇಕು: ಅವು ಸಾಮಾನ್ಯವಾಗಿ ಮಾರಾಟವಾದ ಅಥವಾ ಹಂಚಿದ ಟಿಕೆಟ್‌ಗಳ ಲೆಕ್ಕ. ದೇಶದ ಹಲವು ಕಾಲೇಜುಗಳ ದಾಖಲೆ ಪರಿಶೀಲಿಸಿದ ವಾಲ್ ಸ್ಟ್ರೀಟ್ ಜರ್ನಲ್ 2018ರಲ್ಲಿ ಬರೆದಂತೆ, ಗೇಟಿನಲ್ಲಿ ನಿಜವಾಗಿ ಸ್ಕ್ಯಾನ್ ಆದದ್ದು ಪ್ರಕಟಿತ ಸಂಖ್ಯೆಯ ಸುಮಾರು ಶೇ. 71 ಮಾತ್ರ.

ಇದೇ ತೊಂದರೆಯಲ್ಲಿದ್ದ ಬೇರೆ ಊರುಗಳು ಮನೆಗೆ ಮರಳುವ ದಾರಿ ಹಿಡಿದವು. ಮಿನೆಸೋಟ ವಿಶ್ವವಿದ್ಯಾಲಯ 1982ರಲ್ಲಿ ವೃತ್ತಿಪರ ತಂಡ ವೈಕಿಂಗ್ಸ್ ಜೊತೆ ಮೆಟ್ರೊಡೋಮ್ ಎಂಬ ಸ್ಟೇಡಿಯಂ ಸೇರಿ, 27 ವರ್ಷ ಸೂರಿನಡಿ ಆಡಿ, 2009ರಲ್ಲಿ ತನ್ನ ಆವರಣದಲ್ಲೇ ಸುಮಾರು ಐವತ್ತು ಸಾವಿರ ಸೀಟಿನ ಸ್ಟೇಡಿಯಂ ಕಟ್ಟಿಕೊಂಡಿತು. ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯ ವೃತ್ತಿಪರರ ಸ್ಟೇಡಿಯಂ ಸೂಪರ್‌ಡೋಮ್‌ನ ಸಾಗರದಲ್ಲಿ ನಾಲ್ಕು ದಶಕ ಕಳೆದು, 2014ರಲ್ಲಿ ಮೂವತ್ತು ಸಾವಿರದ ಯುಲ್ಮನ್ ಸ್ಟೇಡಿಯಂಗೆ ಬಂತು. ಮೂವತ್ತು ಸಾವಿರ! ಯಾರೂ ಅದನ್ನು ಸಣ್ಣದೆಂದು ಹೀಗಳೆಯಲಿಲ್ಲ. ತುಂಬಿದ ಸಣ್ಣ ಮನೆಯ ಸದ್ದೇ ಬೇರೆ. ಆದರೆ ಎಲ್ಲರಿಗೂ ಇದು ಕೈಗೂಡದು. ಫಿಲಡೆಲ್ಫಿಯಾದಲ್ಲಿ ಟೆಂಪಲ್ ವಿಶ್ವವಿದ್ಯಾಲಯ ತನ್ನ ಆವರಣದಲ್ಲಿ ಸ್ಟೇಡಿಯಂ ಕಟ್ಟಹೊರಟಾಗ ಸುತ್ತಲಿನ ನಿವಾಸಿಗಳು ಬಲವಾಗಿ ವಿರೋಧಿಸಿದರು, ಯೋಜನೆ ನಿಂತಿತು. ಅವರ ವಿರೋಧಕ್ಕೂ ಅರ್ಥವಿತ್ತು: ವರ್ಷಕ್ಕೆ ಆರೇಳು ಶನಿವಾರಗಳಿಗಾಗಿ ತಮ್ಮ ಬೀದಿಗಳನ್ನು ಯಾಕೆ ಕೊಡಬೇಕು?

ಓಕ್‌ಲ್ಯಾಂಡ್‌ನಲ್ಲೂ ಪ್ರತಿ ಸೋಲಿನ ಸೀಸನ್‌ಗೆ ಈ ಬೇಡಿಕೆ ತಲೆ ಎತ್ತುತ್ತದೆ. ಆಸ್ಪತ್ರೆಗಳು, ಪ್ರಯೋಗಾಲಯಗಳು, ಹಾಸ್ಟೆಲುಗಳು ಒತ್ತಿಕೊಂಡಿರುವ ಆ ಗುಡ್ಡದಲ್ಲಿ ಜಾಗ ಎಲ್ಲಿದೆ ಎಂಬಲ್ಲಿಗೆ ಬಂದು ಅದು ತಣ್ಣಗಾಗುತ್ತದೆ. ಇದ್ದ ಜಾಗವನ್ನು 1999ರಲ್ಲಿ ಕೊಟ್ಟಾಗಿದೆ. ಹಾಗಾಗಿ ನನ್ನ ಮಟ್ಟಿಗೆ ಉಳಿದಿರುವ ನಿಜವಾದ ಕೆಲಸ ಎರಡೇ: ವಿದ್ಯಾರ್ಥಿಯ ಬಾಗಿಲಿನಿಂದ ಗೇಟಿನವರೆಗಿನ ದಾರಿಯನ್ನು ಸುಲಭ ಮಾಡುವುದು, ಮತ್ತು ಕಾರಿನಲ್ಲಿ ಬಂದು ಹೋಗಬಲ್ಲ ದೂರದ ಹಳೆಯ ವೈರಿಗಳನ್ನು ವೇಳಾಪಟ್ಟಿಯಲ್ಲಿ ಬಿಡದೆ ಹಿಡಿದಿಟ್ಟುಕೊಳ್ಳುವುದು. ಉಚಿತ ಟೀ ಶರ್ಟು, ಪಟಾಕಿ, ರಿಯಾಯಿತಿ ಟಿಕೆಟ್ ಎಲ್ಲ ಒಂದು ದಿನದ ಮಾತು.

ಎರಡನೆಯ ಕೆಲಸ ಈಗಲೇ ಕೈತಪ್ಪುತ್ತಿದೆ. ಪೆನ್ ಸ್ಟೇಟ್ ಜೊತೆಗಿನ ಸರಣಿ 2019ರಲ್ಲಿ, ನೂರನೆಯ ಪಂದ್ಯದೊಂದಿಗೆ ಮುಗಿದುಹೋಯಿತು. ವೆಸ್ಟ್ ವರ್ಜೀನಿಯಾ ಜೊತೆ 2025ರವರೆಗೆ ಆಡಿಯಾಯಿತು, ಮುಂದಿನ ಒಪ್ಪಂದ ಶುರುವಾಗುವುದು 2029ಕ್ಕೆ. ನಡುವಿನ ಮೂರು ಸೆಪ್ಟೆಂಬರ್‌ಗಳಲ್ಲಿ ಮಾರ್ಗನ್‌ಟೌನ್‌ನಿಂದ ಹಿತ್ತಲ ಜಗಳಕ್ಕೆ ಯಾರೂ ಕಾರು ಹತ್ತಿ ಬರುವುದಿಲ್ಲ.