ಹೈನ್‌ರಿಷ್ ಕ್ಯೂನ್: ಗೋಂದು, ಬಣ್ಣ ಮತ್ತು ಬೆಳಕಿನ ಲೆಕ್ಕ

ಫೋಟೊಗ್ರಾಫರ್ ಹೈನ್‌ರಿಷ್ ಕ್ಯೂನ್ (1866–1944) ಅವರ ಚಿತ್ರಗಳನ್ನು ತರಗತಿಯಲ್ಲಿ ತೋರಿಸಿದಾಗಲೆಲ್ಲ ಯಾರಾದರೊಬ್ಬರು, ‘ಸರ್, ಇದರ ಫೋಕಸ್ ತಪ್ಪಿದೆಯಲ್ಲವೇ?’ ಎಂದು ಕೇಳಿಯೇ ಕೇಳುತ್ತಾರೆ. ಅವರನ್ನು ದೂರುವಂತಿಲ್ಲ. ರೆಪ್ಪೆಯ ಕೂದಲನ್ನೂ ಎಣಿಸುವಂತೆ ಸೆರೆಹಿಡಿಯುವ ಫೋನುಗಳಿಗೆ ಒಗ್ಗಿದ ಕಣ್ಣಿಗೆ, ಇದ್ದಿಲಿನಿಂದ ಬರೆದಂತಿರುವ ಬೆಟ್ಟದ ಇಳಿಜಾರೂ ಅಂಚು ಕರಗಿದ ಬಿಳಿ ಉಡುಪೂ ಕೆಟ್ಟುಹೋದ ಫೋಟೊದಂತೆ ಕಾಣುವುದು ಸಹಜ. ಆದರೆ ಕ್ಯೂನ್ ಅವರಂತೆಯೇ ಗೋಂದು ಮತ್ತು ಬಣ್ಣದಿಂದ ಫೋಟೊ ಮುದ್ರಿಸುವ ‘ಗಮ್ ಪ್ರಿಂಟ್’ ಅನ್ನು ಹಲವು ವರ್ಷ ಮಾಡಿ ಕೈ ಸುಟ್ಟುಕೊಂಡಿರುವ ನನಗೆ, ಆ ಮೆದುತನದ ಹಿಂದಿರುವ ಲೆಕ್ಕಾಚಾರವೇ ಮೊದಲು ಕಣ್ಣಿಗೆ ಬೀಳುತ್ತದೆ.

ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಹುಟ್ಟಿ, ವೈದ್ಯಕೀಯ ಮತ್ತು ವಿಜ್ಞಾನವನ್ನು ಓದಿದ ಕ್ಯೂನ್, 1888ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ ಬಂದು ನೆಲೆಸಿದರು. ಸೂಕ್ಷ್ಮದರ್ಶಕದ ಮೂಲಕ ಚಿತ್ರ ತೆಗೆಯುವ ಕೆಲಸ ಅವರ ಆರಂಭದ ಅಭ್ಯಾಸಗಳಲ್ಲಿ ಒಂದಾಗಿತ್ತು. ವಿಯೆನ್ನಾದ ಕ್ಯಾಮೆರಾ ಕ್ಲಬ್ಬಿನ ಹಾನ್ಸ್ ವಾಟ್ಸೆಕ್ ಮತ್ತು ಹೂಗೊ ಹೆನ್ನೆಬೆರ್ಗ್ ಅವರೊಂದಿಗೆ ಸೇರಿದ ಮೇಲೆ, ಮೂರೆಲೆಯ ಹುಲ್ಲಿನ ಗುರುತನ್ನೇ ತಮ್ಮ ಮುದ್ರೆ ಮಾಡಿಕೊಂಡ ಈ ಮೂವರು ಗಮ್ ಪ್ರಿಂಟಿನ ದಿಕ್ಕನ್ನೇ ಬದಲಿಸಿದರು.

ಆ ವಿಧಾನದ ತತ್ವ ಸರಳವಾದದ್ದು. ಅರಬಿಕ್ ಗೋಂದಿಗೆ ಜಲವರ್ಣ ಮತ್ತು ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣವನ್ನು ಬೆರೆಸಿ, ಕಾಗದಕ್ಕೆ ತೆಳುವಾಗಿ ಬಳಿದು ಕತ್ತಲೆಯಲ್ಲಿ ಒಣಗಿಸಿ, ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿದರೆ, ಬೆಳಕು ತಾಗಿದಲ್ಲಿ ಗೋಂದು ಗಟ್ಟಿಯಾಗಿ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ತಾಗದಲ್ಲಿ ಬಣ್ಣದ ಸಮೇತ ನೀರಿನಲ್ಲಿ ಕರಗಿಹೋಗುತ್ತದೆ. ತೊಡಕೆಂದರೆ, ಗಾಢವಾದ ನೆರಳನ್ನೂ ಮೋಡದ ನವಿರನ್ನೂ ಒಂದೇ ಪದರದಲ್ಲಿ ಹಿಡಿಯಲಾಗುವುದಿಲ್ಲ. ಆದ್ದರಿಂದ ಮೂವರೂ ಒಂದೇ ಹಾಳೆಗೆ ಮತ್ತೆ ಮತ್ತೆ ಬಳಿದು, ಬಿಸಿಲಿಗಿಟ್ಟು, ತೊಳೆದು, ಪದರದ ಮೇಲೆ ಪದರ ಕಟ್ಟಿದರು. ಬರೆದಷ್ಟು ಸುಲಭದ ಕೆಲಸ ಇದಲ್ಲ. ನೆನೆದು ಒಣಗುವಾಗ ಕಾಗದ ಕುಗ್ಗುತ್ತದೆ. ನೆಗೆಟಿವ್ ಕೂದಲೆಳೆಯಷ್ಟು ಜರುಗಿದರೂ ಮುಖಕ್ಕೆ ಎರಡೆರಡು ಮೂಗು ಮೂಡುತ್ತವೆ. ನನ್ನ ಮೊದಲ ಮಳೆಗಾಲದಲ್ಲಿ ಹಿಂದಿನ ರಾತ್ರಿಯೇ ಬಳಿದಿಟ್ಟಿದ್ದ ಹಾಳೆಗಳು ತೇವಕ್ಕೆ ಕತ್ತಲಲ್ಲೇ ಗಟ್ಟಿಯಾಗಿ, ಮರುದಿನ ಎಷ್ಟು ಹೊತ್ತು ನೆನೆಸಿದರೂ ಬಣ್ಣ ಬಿಡಲಿಲ್ಲ. (ಡೈಕ್ರೋಮೇಟ್ ವಿಷ, ಕೈಗವಸು ಇಲ್ಲದೆ ಮುಟ್ಟಲೇಬೇಡಿ.)

ಕ್ಯೂನ್ ಅವರ ಲೆಕ್ಕ ಪ್ರಿಂಟಿಗಿಂತ ಬಹಳ ಮೊದಲೇ, ಬಟ್ಟೆಯ ಆಯ್ಕೆಯಲ್ಲೇ ಶುರುವಾಗುತ್ತಿತ್ತು. 1905ರಲ್ಲಿ ಪತ್ನಿ ತೀರಿಕೊಂಡ ನಂತರ ನಾಲ್ವರು ಮಕ್ಕಳು ಮತ್ತು ಅವರನ್ನು ನೋಡಿಕೊಳ್ಳುತ್ತಿದ್ದ ಮೇರಿ ವಾರ್ನರ್ ಅವರೇ ಈ ಚಿತ್ರಗಳ ಮುಖ್ಯ ಪಾತ್ರಗಳಾದರು. ಫಿಲ್ಮಿನಂತೆ ಬಳಸುತ್ತಿದ್ದ ಆಗಿನ ಸಾಮಾನ್ಯ ಕಪ್ಪು-ಬಿಳುಪು ಗಾಜಿನ ಪ್ಲೇಟುಗಳಲ್ಲಿ ಕೆಂಪು ಕಪ್ಪಾಗಿಯೂ ನೀಲಿ ತಿಳಿಯಾಗಿಯೂ ಮೂಡುತ್ತಿದ್ದುದರಿಂದ, ಹುಲ್ಲು ಮತ್ತು ಆಕಾಶದ ಎದುರು ಯಾವ ಛಾಯೆ ಎಲ್ಲಿ ಬೀಳಬೇಕೆಂದು ಯೋಚಿಸಿ ಅವರು ಉಡುಪಿನ ಬಣ್ಣವನ್ನು ನಿರ್ಧರಿಸುತ್ತಿದ್ದರು. 1907ರಲ್ಲಿ ಬಣ್ಣದಲ್ಲೇ ಫೋಟೊ ಮೂಡಿಸುವ, ಲುಮಿಯೇರ್ ಸಹೋದರರ ಆಟೋಕ್ರೋಮ್ ಪ್ಲೇಟು ಮಾರುಕಟ್ಟೆಗೆ ಬಂದಾಗ ಈ ಅಭ್ಯಾಸ ನೇರವಾಗಿ ಕೈಹಿಡಿಯಿತು. ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟದ ಕಣಗಳನ್ನು ಗಾಜಿನ ಮೇಲೆ ಹರಡಿ ತಯಾರಿಸುತ್ತಿದ್ದ ಆ ಪ್ಲೇಟು ಬಹಳ ನಿಧಾನವಾದದ್ದು. ಒಳ್ಳೆಯ ಬಿಸಿಲಿನಲ್ಲೂ ಮಕ್ಕಳು ಅಲುಗಾಡದೆ ನಿಲ್ಲಬೇಕಿತ್ತು. ಗುಡ್ಡದ ಮೇಲೆ ಆಡುತ್ತ ಆಡುತ್ತ ಸಿಕ್ಕಿಬಿದ್ದಂತೆ ಕಾಣುವ ಆ ಮಕ್ಕಳು ವಾಸ್ತವವಾಗಿ ಅಪ್ಪನ ಮಾತಿನಂತೆ ಉಸಿರು ಬಿಗಿಹಿಡಿದು ನಿಂತವರು. ಅವರ ತಾಳ್ಮೆಗೂ ಸ್ವಲ್ಪ ಶ್ರೇಯಸ್ಸು ಸಲ್ಲಬೇಕು.

ಅಮೆರಿಕದ ಫೋಟೊಗ್ರಾಫರ್ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವರೊಂದಿಗೆ ಕ್ಯೂನ್ ಅವರಿಗೆ ಬಹುಕಾಲದ ಪತ್ರವ್ಯವಹಾರವಿತ್ತು. ಸ್ಟೀಗ್ಲಿಟ್ಸ್ ತಮ್ಮ ‘ಕ್ಯಾಮೆರಾ ವರ್ಕ್’ ಪತ್ರಿಕೆಯಲ್ಲಿ 1911ರಲ್ಲಿ ಇವರ ಚಿತ್ರಗಳಿಗೆ ದೊಡ್ಡ ಸ್ಥಾನ ಕೊಟ್ಟರು. ಮುಂದೆ ಸ್ಟೀಗ್ಲಿಟ್ಸ್ ಸ್ಪಷ್ಟ ಗೆರೆಯ ಫೋಟೊಗ್ರಫಿಯತ್ತ ತಿರುಗಿದರೂ ಕ್ಯೂನ್ ಕದಲಲಿಲ್ಲ. ಅದನ್ನು ಹಟ ಎನ್ನುವವರಿದ್ದಾರೆ. ಸ್ವಲ್ಪ ಹಟವೂ ಇತ್ತೆಂದು ನಾನೂ ಒಪ್ಪುತ್ತೇನೆ.

ಆ ಹಟದಿಂದ ಒಂದು ಲೆನ್ಸೂ ಹುಟ್ಟಿತು. ಲೆನ್ಸ್ ತಯಾರಕ ಫ್ರಾನ್ಸ್ ಸ್ಟೇಬ್ಲೆ ಅವರೊಂದಿಗೆ ಕ್ಯೂನ್ ರೂಪಿಸಿದ್ದನ್ನು 1930ರ ದಶಕದಲ್ಲಿ ರೋಡೆನ್‌ಸ್ಟಾಕ್ ಕಂಪನಿ ‘ಇಮಾಗೋನ್’ ಎಂಬ ಹೆಸರಿನಲ್ಲಿ ಮಾರಿತು. ಅದರ ಡಯಾಫ್ರಾಮ್, ಅಂದರೆ ಒಳಬರುವ ಬೆಳಕನ್ನು ನಿಯಂತ್ರಿಸುವ ತಟ್ಟೆ, ಒಂದು ಜರಡಿ: ನಡುವೆ ದೊಡ್ಡ ರಂಧ್ರ, ಸುತ್ತ ಸಣ್ಣ ಸಣ್ಣ ತೂತುಗಳು. ನಡುವಿನಿಂದ ಬರುವ ಬೆಳಕು ಗಟ್ಟಿಯಾದ ಚಿತ್ರವನ್ನು ಮೂಡಿಸುತ್ತದೆ; ಅಂಚಿನ ತೂತುಗಳಿಂದ ಬರುವ ಬೆಳಕು ಅದರ ಮೇಲೆ ತೆಳುವಾದ ಕಾಂತಿಯನ್ನು ಹೊದಿಸುತ್ತದೆ. ತಟ್ಟೆಯನ್ನು ತಿರುಗಿಸಿ ಆ ತೂತುಗಳನ್ನು ಮುಚ್ಚುತ್ತ ಬಂದಂತೆ ಕಾಂತಿ ಇಳಿಯುತ್ತದೆ. ಇಂಥ ಲೆನ್ಸಿನಲ್ಲಿ ಫೋಕಸ್ ಹಿಡಿಯುವುದು ಸಾಮಾನ್ಯ ಲೆನ್ಸಿಗಿಂತ ಕಷ್ಟ: ತಟ್ಟೆಯನ್ನು ಹಾಕಿಕೊಂಡೇ, ಕಪ್ಪು ಬಟ್ಟೆ ಹೊದ್ದು, ಚಿತ್ರ ಮೂಡುವ ಕ್ಯಾಮೆರಾ ಹಿಂಬದಿಯ ಗಾಜಿಗೆ ಭೂತಗನ್ನಡಿ ಒತ್ತಿ, ಆ ಕಾಂತಿಯೊಳಗಿಂದ ಕಣ್ಣಗುಡ್ಡೆಯ ಹೊಳಪು ಗಟ್ಟಿಯಾಗಿ ಎದ್ದು ಬರುವ ಒಂದೇ ಒಂದು ಬಿಂದುವನ್ನು ಹುಡುಕಬೇಕು.