ಸಮುದ್ರದೊಳಗೂ ಕಾವಲು ಇದೆಯೇ?

ಓದುಗರ ಪ್ರಶ್ನೆ: ನಾವು ಚಳ್ಳಕೆರೆಯವರು. ರಾಮೇಶ್ವರ ಯಾತ್ರೆಗೆ ಹೋದಾಗ ದಂಡೆಯಲ್ಲಿ ರಿಬ್ಬನ್ನಿನಂಥ ಕಂದು ಎಲೆಗಳು ರಾಶಿ ಬಿದ್ದಿದ್ದವು. ಕೇಳಿದರೆ ಸಮುದ್ರದ ಹುಲ್ಲು ಅಂದರು. ಉಪ್ಪುನೀರಿನಲ್ಲಿ ಹುಲ್ಲು ಬೆಳೆಯುತ್ತದೆಯೇ? ಅದು ಪಾಚಿ ಅಲ್ವಾ? ಅದರಿಂದ ಏನು ಉಪಯೋಗ?

ಉತ್ತರ: ಪಾಚಿ ಅಲ್ಲ. ನಿಮಗೆ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಪಾಚಿಗೆ ನಿಜವಾದ ಬೇರಿಲ್ಲ, ಹೂವಿಲ್ಲ. ಕಡಲಹುಲ್ಲಿಗೆ ಬೇರು, ಕಾಂಡ, ಎಲೆ, ಹೂವು, ಬೀಜ ಎಲ್ಲವೂ ಇದೆ. ಕೋಟ್ಯಂತರ ವರ್ಷಗಳ ಹಿಂದೆ ನೆಲದ ಮೇಲಿದ್ದ ಗಿಡಗಳ ವಂಶವೇ ಮತ್ತೆ ನೀರಿಗಿಳಿದು ಹೀಗಾಯಿತು. ಹೆಚ್ಚಿನವುಗಳ ಪರಾಗ ನೀರಿನಲ್ಲೇ ತೇಲಿ ಹೋಗಿ ಇನ್ನೊಂದು ಹೂವನ್ನು ಸೇರುತ್ತದೆ. ಜಗತ್ತಿನಲ್ಲಿ ಸುಮಾರು 70 ಜಾತಿಗಳಿವೆ. ಹಾಗಂತ ಇವು ನಮ್ಮ ಜೋಳ, ರಾಗಿಯ ಕುಟುಂಬದವಲ್ಲ. ನೋಡಲು ಹುಲ್ಲಿನಂತಿವೆ, ಅಷ್ಟೇ.

ಉಪಯೋಗ ತಿಳಿಯಬೇಕಾದರೆ ಗರಿಕೆಯನ್ನು ನೆನೆಸಿಕೊಳ್ಳಿ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಹಬ್ಬುತ್ತದೆ. ಬದುವಿನ ಮೇಲೆ ಗರಿಕೆ ಇದ್ದರೆ ಎಂಥ ಮಳೆಗೂ ಮಣ್ಣು ಬೇಗ ಕೊಚ್ಚಿ ಹೋಗುವುದಿಲ್ಲ. ಕಡಲಹುಲ್ಲು ಮಾಡುವುದೂ ಇದನ್ನೇ. ಮರಳಿನಡಿ ಕಾಂಡ ಹಬ್ಬಿಸಿ ತಳವನ್ನು ಬಿಗಿಯಾಗಿ ಹಿಡಿಯುತ್ತದೆ. ಎಲೆಗಳು ಅಲೆಯ ರಭಸ ತಗ್ಗಿಸುತ್ತವೆ. ನೀರಿನಲ್ಲಿದ್ದ ಕೆಸರು ಕೆಳಗೆ ಕೂರುತ್ತದೆ, ನೀರು ತಿಳಿಯಾಗುತ್ತದೆ. ಎಲೆಗಳ ನಡುವೆ ಮೀನಿನ ಮರಿ, ಸಿಗಡಿ, ಏಡಿ, ಕಡಲ್ಗುದುರೆ ಅಡಗಿ ಬೆಳೆಯುತ್ತವೆ. ಬೆಳೆದ ಮೇಲೆ ಅವೇ ಮೀನುಗಾರರ ಬಲೆಗೆ ಬರುವುದು. ಸತ್ತ ಬೇರು, ಎಲೆಗಳು ಗಾಳಿಯಾಡದ ಕೆಸರಿನಲ್ಲಿ ಹೂತುಹೋಗಿ ಬೇಗ ಕೊಳೆಯುವುದಿಲ್ಲ. ಹಾಗಾಗಿ ಅವುಗಳಲ್ಲಿರುವ ಇಂಗಾಲ ಗಾಳಿಗೆ ಸೇರದೆ ಅಲ್ಲೇ ಉಳಿಯುತ್ತದೆ. ಕಡಲ ತಳದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ ಈ ಹುಲ್ಲು, ಸಮುದ್ರ ಪ್ರತಿ ವರ್ಷ ಹೂಳುವ ಇಂಗಾಲದಲ್ಲಿ ಸುಮಾರು ಹತ್ತನೇ ಒಂದು ಪಾಲನ್ನು ಹೂಳುತ್ತದೆ ಎಂದು ಒಂದು ಅಂದಾಜಿದೆ.

ನೀವು ನಿಂತಿದ್ದ ಜಾಗವೂ ಸಾಮಾನ್ಯವಾದದ್ದಲ್ಲ. ರಾಮೇಶ್ವರದ ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ನಮ್ಮ ದೇಶದ ದೊಡ್ಡ ಕಡಲಹುಲ್ಲುಗಾವಲುಗಳು ಇರುವುದು ಅಲ್ಲೇ. ಅಲ್ಲಿ ಮೇಯುವ ಪ್ರಾಣಿ ಡುಗಾಂಗ್. ತಮಿಳರು ಅದನ್ನು ಕಡಲ್ ಪಸು, ಅಂದರೆ ಕಡಲ ಹಸು ಅನ್ನುತ್ತಾರೆ. ದಿನಕ್ಕೆ 30 ಕಿಲೋಗೂ ಜಾಸ್ತಿ ಹುಲ್ಲು ತಿನ್ನುತ್ತದೆ. ಈ ಡುಗಾಂಗ್‌ಗಾಗಿಯೇ ತಮಿಳುನಾಡು 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರ್ ಜಾಗವನ್ನು ಮೀಸಲು ಪ್ರದೇಶವೆಂದು ಘೋಷಿಸಿತು. ದೇಶದಲ್ಲಿ ಇಂಥದ್ದು ಇದೇ ಮೊದಲು.

ನಿಮ್ಮೂರಿನ ಸುತ್ತ ಅಮೃತ ಮಹಲ್ ಕಾವಲು, ಅಂದರೆ ಅಮೃತ ಮಹಲ್ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲು ಇದೆಯಲ್ಲ, ಇದೂ ಅಂಥದ್ದೇ ಅಂದುಕೊಳ್ಳಿ. ಹಿಂದಿನವರು ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲು ಇಟ್ಟಿದ್ದರು. ದನ ಮುಂದಕ್ಕೆ ಹೋದರೆ ಹುಲ್ಲು ಚೇತರಿಸಿಕೊಳ್ಳುತ್ತಿತ್ತು. ಲಕ್ಷದ್ವೀಪದ ಅಗತ್ತಿಯಲ್ಲಿ ಈ ಲೆಕ್ಕ ತಪ್ಪಿತು. ಹಸಿರು ಕಡಲಾಮೆಗಳು ಒಂದೇ ಕಡೆ ಜಾಸ್ತಿಯಾಗಿ ಹುಲ್ಲನ್ನು ಬುಡದ ತನಕ ಮೇಯ್ದವು. ಹುಲ್ಲು ಹೋದ ಕಡೆ ಮೀನೂ ಕಡಿಮೆಯಾಯಿತು.

ಆದರೆ ಆಮೆಗಿಂತ ದೊಡ್ಡ ಪೆಟ್ಟು ಮನುಷ್ಯರಿಂದ. ಮೇಲಿನಿಂದ ನೋಡಿದರೆ ಅಲ್ಲಿ ಬರೀ ನೀರು ಕಾಣುತ್ತದೆ. ನಮ್ಮ ಕಾವಲನ್ನೂ ಜನ ಹೀಗೇ ಖಾಲಿ ಬೀಳು ಅಂದುಕೊಂಡರು, ಈಗ ಸಾವಿರಾರು ಎಕರೆಗೆ ಗೋಡೆ ಎದ್ದಿದೆ. ನನಗೆ ಇದು ತುಂಬಾ ನೋವಿನ ಸಂಗತಿ. ಕಡಲಲ್ಲಿ ಟ್ರಾಲ್ ಬಲೆಯನ್ನು ತಳಕ್ಕೆ ತಾಗಿಸಿ ಎಳೆದರೆ ಹೊಲಕ್ಕೆ ಕುಂಟೆ ಹೊಡೆದ ಹಾಗೆ, ಹುಲ್ಲು ಬುಡಸಮೇತ ಏಳುತ್ತದೆ. ಬಂದರಿಗಾಗಿ ಹೂಳೆತ್ತಿದರೆ ನೀರು ಕದಡಿ ಬೆಳಕು ಕೆಳಗಿಳಿಯುವುದಿಲ್ಲ. ಈ ಹುಲ್ಲಿಗೆ ಪಾಚಿಗಿಂತ ತುಂಬಾ ಜಾಸ್ತಿ ಬೆಳಕು ಬೇಕು.

ಇನ್ನೊಂದು ಕಾಟ ಗೊಬ್ಬರ. ದಾವಣಗೆರೆ ಕಡೆ ಗದ್ದೆಗೆ ಹಾಕಿದ ಯೂರಿಯಾ, ಊರಿನ ಚರಂಡಿ ನೀರು ಕೆರೆ ಸೇರಿದರೆ ಏನಾಗುತ್ತದೆ ಅಂತ ನೋಡಿದ್ದೀರಿ. ನೀರು ಹಸಿರು ಹಸಿರಾಗುತ್ತದೆ. ಕಡಲಲ್ಲೂ ಅದೇ ಆಗುತ್ತದೆ. ಪಾಚಿ ಎಲೆಯ ಮೇಲೆ ಹತ್ತಿ ಕೂತು ಬೆಳಕು ತಿನ್ನುತ್ತದೆ. ನಮ್ಮ ಕೊಡಗಿನಲ್ಲಿ ಹುಟ್ಟಿದ ಕಾವೇರಿಯ ಕೆಲವು ಕವಲುಗಳು ಮುತ್ತುಪೇಟೆಯ ಹತ್ತಿರ ಪಾಕ್ ಕೊಲ್ಲಿಗೇ ಸೇರುತ್ತವೆ. ಸಮುದ್ರ ನಮಗೆ ದೂರ ಅನ್ನುವಂತಿಲ್ಲ.

ಬಿಸಿಯೂ ಇದನ್ನು ಕೊಲ್ಲುತ್ತದೆ. 2011ರಲ್ಲಿ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ನೀರು ವಿಪರೀತ ಕಾದು, ಅಲ್ಲಿನ ಹುಲ್ಲುಗಾವಲಿನ ಸುಮಾರು ಮೂರನೇ ಒಂದು ಪಾಲು ಹಾಳಾಯಿತು. ಪಾಕ್ ಕೊಲ್ಲಿಯಲ್ಲಿ ಬಿದಿರಿನ ಚೌಕಟ್ಟಿಗೆ ತೆಂಗಿನ ನಾರಿನ ಹಗ್ಗ ಕಟ್ಟಿ, ಅದಕ್ಕೆ ಸಸಿ ಸಿಕ್ಕಿಸಿ ಮತ್ತೆ ನೆಡುತ್ತಿದ್ದಾರೆ. ನಿಧಾನದ ಕೆಲಸ. ಇರುವುದನ್ನು ಕೀಳದೆ ಬಿಡುವುದೇ ಸುಲಭ.

ನೀವು ಕಂಡ ರಾಶಿಯನ್ನು ಕಸ ಅನ್ನಬೇಡಿ. ಹಳೆಯ ಎಲೆ ಉದುರುವುದು ಸಹಜ. ದಂಡೆಯ ಮರಳನ್ನು ಅದು ಹಿಡಿದಿಡುತ್ತದೆ, ಸಣ್ಣ ಏಡಿ, ಹುಳುಗಳಿಗೆ ಮೇವಾಗುತ್ತದೆ. ಮತ್ತೆ ಹೋದಾಗ ಒಂದು ಹಿಡಿ ಎತ್ತಿ ನೋಡಿ. ಬರೀ ಎಲೆಯಿದ್ದರೆ ತಾನಾಗಿ ಉದುರಿದ್ದು. ಗೆಣ್ಣಿನ ಕಾಂಡ, ಬೇರು ಸಮೇತ ಇದ್ದರೆ ಅಲೆಯೋ ಬಲೆಯೋ ಕಿತ್ತು ತಂದದ್ದು.