273.15 ಎಲ್ಲಿಂದ ಬಂತು?

ಉಷ್ಣತೆಯ ಲೆಕ್ಕದಲ್ಲಿ ಸೆಲ್ಸಿಯಸ್‌ಗೆ 273.15 ಕೂಡಿಸಿದರೆ ಕೆಲ್ವಿನ್, ಕೆಲ್ವಿನ್‌ನಿಂದ ಅಷ್ಟನ್ನೇ ಕಳೆದರೆ ಸೆಲ್ಸಿಯಸ್. 27 ಡಿಗ್ರಿ ಎಂದರೆ 300.15 ಕೆಲ್ವಿನ್. ಲೆಕ್ಕ ಇಷ್ಟೇ. ಆದರೆ ಆ ಸಂಖ್ಯೆಯ ಹುಟ್ಟು ಹೇಳದೆ ಸೂತ್ರ ಬಾಯಿಪಾಠ ಮಾಡಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

1742ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿದ್ದ ಖಗೋಳ ವಿಜ್ಞಾನಿ ಆಂಡರ್ಸ್ ಸೆಲ್ಸಿಯಸ್ ತನ್ನ ಮಾನವನ್ನು ಮುಂದಿಟ್ಟಾಗ ಅದರಲ್ಲಿ ನೀರು ಕುದಿಯುವುದು 0ಗೆ, ಹೆಪ್ಪುಗಟ್ಟುವುದು 100ಕ್ಕೆ! ಅದು ತಿರುವುಮುರುವಾಗಿ ಇಂದಿನ ರೂಪಕ್ಕೆ ಬಂದದ್ದು ಆಮೇಲೆ. ಯಾವ ತುದಿಗಿಟ್ಟರೂ ಅದು ಅನುಕೂಲಕ್ಕೆ ಇಟ್ಟುಕೊಂಡ ಸೊನ್ನೆ. 20 ಡಿಗ್ರಿ 40 ಆದರೆ ಬಿಸಿ ಇಮ್ಮಡಿಯಾಯಿತು ಎನ್ನುವಂತಿಲ್ಲ. ಕೆಲ್ವಿನ್‌ನಲ್ಲಿ ಅದು 293ರಿಂದ 313ಕ್ಕೆ ಏರಿದೆ, ಅಷ್ಟೆ.

ಅದಕ್ಕಿಂತ ಕೆಳಗೆ ಉಷ್ಣತೆಯೇ ಇಲ್ಲದ, ಕೆಲ್ವಿನ್ ಎಣಿಕೆ ಶುರುವಾಗುವ ನಿಜವಾದ ಸೊನ್ನೆಯ ಸುಳಿವು ಕೊಟ್ಟದ್ದು ಗಾಳಿ. 0 ಡಿಗ್ರಿಯಲ್ಲಿರುವ 273 ಮಿಲಿಲೀಟರ್ ಗಾಳಿಯನ್ನು, ಒತ್ತಡ ಬದಲಾಗದಂತೆ, ಒಂದು ಡಿಗ್ರಿ ಕಾಯಿಸಿ ನೋಡಿ: ಸುಮಾರು 274 ಆಗುತ್ತದೆ. ಒಂದು ಡಿಗ್ರಿ ತಣಿಸಿದರೆ 272. ಹೀಗೇ ಇಳಿಯುತ್ತಾ ಹೋದರೆ ಮೈನಸ್ 273ರ ಹೊತ್ತಿಗೆ ಏನೂ ಉಳಿಯಬಾರದು. ಗಾಳಿ ಅದಕ್ಕೂ ಎಷ್ಟೋ ಮೊದಲೇ ದ್ರವವಾಗಿಬಿಡುತ್ತದೆ, ನಿಜ. ಆದರೂ ಉಷ್ಣತೆಗೆ ತಕ್ಕಂತೆ ಬೇರೆ ಬೇರೆ ಅನಿಲಗಳ ಗಾತ್ರ ತೋರಿಸುವ ಗೆರೆಗಳನ್ನು ಹಿಂದಕ್ಕೆಳೆದರೆ ಎಲ್ಲವೂ ಅಲ್ಲಿಗೇ ಬಂದು ಸೇರುತ್ತಿದ್ದವು. 1802ರಲ್ಲಿ ಫ್ರಾನ್ಸಿನ ವಿಜ್ಞಾನಿ ಗೇ-ಲುಸಾಕ್‌ಗೆ ಸಿಕ್ಕಿದ್ದು 267ರ ಆಸುಪಾಸಿನ ಅಂಕಿ. ಅಳತೆ ಹದಗೊಂಡಂತೆ ಅದು 273ಕ್ಕೆ ಬಂತು.

1848ರಲ್ಲಿ ಗ್ಲಾಸ್ಗೋದ ಯುವ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್ ಕೇಳಿದ್ದು ಇನ್ನೂ ಆಳದ ಪ್ರಶ್ನೆ: ನೀರು, ಪಾದರಸ, ಗಾಳಿ ಯಾವುದನ್ನೂ ನೆಚ್ಚಿಕೊಳ್ಳದ ಮಾನ ಸಾಧ್ಯವೇ? ಬಿಸಿಯಿಂದ ಕೆಲಸ ತೆಗೆಯುವ ಉಷ್ಣಯಂತ್ರಗಳ ಬಗ್ಗೆ ಫ್ರಾನ್ಸಿನ ಎಂಜಿನಿಯರ್ ಕಾರ್ನೋ ಹೇಳಿದ್ದರಲ್ಲಿ ಅವನಿಗೆ ದಾರಿ ಸಿಕ್ಕಿತು. 1892ರಲ್ಲಿ ಅವನು ಲಾರ್ಡ್ ಕೆಲ್ವಿನ್ ಆದ. ಕೆಲ್ವಿನ್ ಎಂಬುದು ಅವನ ವಿಶ್ವವಿದ್ಯಾಲಯದ ಪಕ್ಕದಲ್ಲೇ ಹರಿಯುವ ಹೊಳೆ. ನಮ್ಮ ಪಠ್ಯಗಳಲ್ಲಿರುವುದು ಆ ಹೊಳೆಯ ಹೆಸರು!

ಇನ್ನು ಆ .15. ಮಂಜುಗಡ್ಡೆ ಕರಗುವ ಬಿಂದು ಸುತ್ತಲಿನ ಒತ್ತಡಕ್ಕೆ, ನೀರಿನಲ್ಲಿ ಕರಗಿದ ಗಾಳಿಗೆ ತುಸು ಅಲುಗಾಡುತ್ತದೆ. ಗಾಳಿ ತೆಗೆದು ಮುಚ್ಚಿದ ಗಾಜಿನ ಕೊಳವೆಯಲ್ಲಿ ಮಂಜುಗಡ್ಡೆ, ನೀರು, ಆವಿ ಮೂರೂ ಒಟ್ಟಿಗೆ ನೆಲೆಸುವುದು ಮಾತ್ರ ಒಂದೇ ಉಷ್ಣತೆಯಲ್ಲಿ, 0.01 ಡಿಗ್ರಿಯಲ್ಲಿ. 1954ರಲ್ಲಿ ಅಂತರರಾಷ್ಟ್ರೀಯ ತೂಕ-ಅಳತೆ ಸಮ್ಮೇಳನ ಆ ಬಿಂದುವನ್ನೇ 273.16 ಕೆಲ್ವಿನ್ ಎಂದು ಕಟ್ಟಿಹಾಕಿತು. ಅದರಲ್ಲಿ 0.01 ಕಳೆಯಿರಿ, ಸೆಲ್ಸಿಯಸ್‌ನ ಸೊನ್ನೆ ಸಿಗುತ್ತದೆ. 1967ರಲ್ಲಿ ಕೆಲ್ವಿನ್‌ನ ಮುಂದಿದ್ದ 'ಡಿಗ್ರಿ' ಹೋಯಿತು.

2019ರ ಮೇ 20ರಿಂದ ಕೆಲ್ವಿನ್‌ಗೆ ನೀರಿನ ಹಂಗೂ ಇಲ್ಲ; ಅದೀಗ ಉಷ್ಣತೆಯನ್ನು ಶಕ್ತಿಗೆ ಜೋಡಿಸುವ ಬೋಲ್ಟ್ಸ್‌ಮನ್ ಸ್ಥಿರಾಂಕದ ಮೇಲೆ ನಿಂತಿದೆ. ಆ 273.16 ಈಗ ಅಳೆದು ತಿಳಿಯಬೇಕಾದ ಅಂಕಿ. 273.15 ಮಾತ್ರ ಸೆಲ್ಸಿಯಸ್‌ನ ವ್ಯಾಖ್ಯೆಯಲ್ಲಿ ಕರಾರುವಾಕ್ಕಾಗಿ ಹಾಗೇ ಉಳಿದಿದೆ.